ರಸ್ತೆ ದಾಟದ ಮಕ್ಕಳು

ಟ್ವೈಲಾ ರಾರ್ಡಿನ್ ಇಪ್ಪತ್ತೆರಡು ಪರೀಕ್ಷೆಗಳಲ್ಲಿ ಪಾಸಾಗಿ ಇಪ್ಪತ್ತಮೂರನೆಯದರಲ್ಲಿ ಫೇಲಾದಳು. ಇಪ್ಪತ್ತಮೂರನೆಯದು ಅವಳದೇ ಕಸುಬಿನ ವಿಷಯವಾಗಿತ್ತು.

ನಾನು ಗಾಜಿನ ಈಚೆ ಕುಳಿತಿದ್ದೆ. ನಮ್ಮ ಕಾಲೇಜಿನ ಪರೀಕ್ಷಾ ಕೊಠಡಿಯಲ್ಲಿ ಆರು ಕಂಪ್ಯೂಟರುಗಳಿವೆ, ನಾಲ್ಕು ಕ್ಯಾಮೆರಾಗಳಿವೆ. ಒಳಗೆ ಹೋಗುವವರ ಗುರುತಿನ ಚೀಟಿ ನೋಡುವುದು, ಕೈಗಡಿಯಾರ, ಫೋನು, ಟೋಪಿ ತೆಗೆಸುವುದು, ಜೇಬುಗಳನ್ನು ಹೊರಗೆಳೆದು ತೋರಿಸಲು ಹೇಳುವುದು ನನ್ನ ಕೆಲಸ. ಅದಕ್ಕೆ ಮುಂಚೆ ಇಪ್ಪತ್ತೊಂದು ವರ್ಷ ಈ ಊರಿನ ಪತ್ರಿಕೆಯಲ್ಲಿ ಸುದ್ದಿ ತಿದ್ದುತ್ತಿದ್ದೆ. 2016ರಲ್ಲಿ ಪತ್ರಿಕೆ ಮುಚ್ಚಿತು. ಅದೇ ವರ್ಷ ಇಲ್ಲಿಗೆ ಸೇರಿದೆ.

ಅಂದು 2019ರ ಮೇ 6, ಸೋಮವಾರ. ಈ ಪರೀಕ್ಷೆಗಳ ಫಲಿತಾಂಶಕ್ಕೆ ಕಾಯಬೇಕಿಲ್ಲ. ಕೊನೆಯ ಗುಂಡಿ ಒತ್ತಿದ ಕೂಡಲೇ ಅಂಕ ಪರದೆಯ ಮೇಲೆ ಬರುತ್ತದೆ. ಪಾಸಾಗಲು ಐವತ್ತು ಬೇಕು. ಟ್ವೈಲಾ ಪರದೆ ನೋಡಿದಳು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು. ನಲವತ್ತೆಂಟು.

ಅವಳು ಹೊರಗೆ ಬಂದಾಗ ಅಂಕದ ಹಾಳೆ ಕೈಯಲ್ಲಿ ಹಿಡಿದು ಕೇಳಿದೆ: "ಇದು ಬೇಕಾ?"

"ಕೊಡು. ಗ್ಯಾರೇಜ್ ಗೋಡೆಗೆ ಅಂಟಿಸ್ತೀನಿ. ಇಲಿಗಳಾದ್ರೂ ಓದ್ಕೊಂಡು ನಗ್ಲಿ."

ಅವಳು ನಗಲಿಲ್ಲ.

ಟ್ವೈಲಾಳಿಗೆ ಐವತ್ತಾರು ವರ್ಷ. ಒಹಾಯೊ ರಾಜ್ಯದ ಈ ಗುಡ್ಡಗಾಡು ಕೌಂಟಿಯ, ಅಂದರೆ ಜಿಲ್ಲೆಯ, ಶಾಲಾ ಬಸ್ ಗ್ಯಾರೇಜಿನಲ್ಲಿ, ಯಾವ ಬಸ್ಸು ಯಾವ ದಾರಿಯಲ್ಲಿ ಹೋಗಿ ಯಾವ ಮಗುವನ್ನು ಎಷ್ಟು ಹೊತ್ತಿಗೆ ಹತ್ತಿಸಿಕೊಳ್ಳಬೇಕು ಎಂದು ಕಂಪ್ಯೂಟರಿನಲ್ಲಿ ಕಟ್ಟುವವಳು ಅವಳು. ಮೂವತ್ತೆಂಟು ಹಳದಿ ಬಸ್ಸುಗಳು, 2,640 ಮಕ್ಕಳು. ಆ ಕಂಪ್ಯೂಟರ್ ವ್ಯವಸ್ಥೆಯನ್ನು ಅವಳೇ ಬರೆದಿದ್ದಳು. ಆರು ವರ್ಷದಿಂದ ಇಡೀ ಶಾಲಾ ಆಡಳಿತದ ಕಂಪ್ಯೂಟರ್ ವಿಭಾಗಕ್ಕೆ ‘ಹಂಗಾಮಿ’ ಮುಖ್ಯಸ್ಥೆ. ಫೆಬ್ರುವರಿಯಲ್ಲಿ ಶಾಲಾ ಮಂಡಳಿ ಆ ಹುದ್ದೆಯನ್ನು ಕಾಯಂ ಮಾಡಿತು. ಪದವಿ ಇದ್ದವರೇ ಅರ್ಜಿ ಹಾಕಬೇಕು ಎಂದಿತು. ಕೊನೆಯ ದಿನ ಆಗಸ್ಟ್ 1, ಸಂಜೆ ನಾಲ್ಕು ಗಂಟೆ.

ಪದವಿಯ ಕೆಲಸವನ್ನು ಅವಳು ಅದಕ್ಕೂ ಮೊದಲೇ ಹಿಡಿದಿದ್ದಳು. ಬೇರೆ ರಾಜ್ಯದಲ್ಲಿ, ದುಡಿಯುವ ದೊಡ್ಡವರಿಗೆಂದೇ ಇರುವ ಒಂದು ಕಾಲೇಜು ವ್ಯವಹಾರ ಗಣಕಶಾಸ್ತ್ರದಲ್ಲಿ ಪದವಿ ಕೊಡುತ್ತದೆ. ಎಲ್ಲಿ ಕಲಿತೆ, ಯಾರ ಹತ್ತಿರ ಕಲಿತೆ ಎಂದು ಅದು ಕೇಳುವುದಿಲ್ಲ. ಗೊತ್ತಿದೆ ಎಂದು ತೋರಿಸು, ಸಾಕು ಎನ್ನುತ್ತದೆ. ತೋರಿಸಬೇಕಾದದ್ದು ನೂರ ಇಪ್ಪತ್ತು ಕ್ರೆಡಿಟ್. ಅವಳು ಹುಡುಗಿಯಾಗಿದ್ದಾಗ ಒಂದು ವರ್ಷ ಕಾಲೇಜಿಗೆ ಹೋಗಿ ಬಿಟ್ಟಿದ್ದಳು. ಅದರ ಇಪ್ಪತ್ತೇಳು ಕ್ರೆಡಿಟ್ ಇನ್ನೂ ಜೀವಂತವಾಗಿದ್ದವು. ಇಂಟರ್ನೆಟ್ ಪಾಠಗಳಿಂದ ಇಪ್ಪತ್ತೊಂದು. ಬರೆಯುತ್ತಿದ್ದ ಕೊನೆಯ ಯೋಜನಾ ವರದಿಗೆ ಮೂರು. ಉಳಿದದ್ದೆಲ್ಲ ಆ ಕಾಲೇಜು ಒಪ್ಪುವ ಪರೀಕ್ಷೆಗಳಿಂದ, ನನ್ನ ಗಾಜಿನಾಚೆಯ ಕುರ್ಚಿಯಲ್ಲಿ, ಪರೀಕ್ಷೆಗೆ ಮೂರರಂತೆ. ಇಪ್ಪತ್ತೆರಡು ಪರೀಕ್ಷೆಗೆ ಅರವತ್ತಾರು. ಒಟ್ಟು ನೂರ ಹದಿನೇಳು. ಈ ಇಪ್ಪತ್ತಮೂರನೆಯದು, ಗಣಕ ವ್ಯವಸ್ಥೆಗಳ ಪರೀಕ್ಷೆ, ಕೊನೆಯ ಮೂರು.

ಹತ್ತೊಂಬತ್ತು ತಿಂಗಳಲ್ಲಿ ಇಪ್ಪತ್ತೆರಡು ಎಂಬುದನ್ನು ಮೊದಲು ನಂಬಲಾಗದೆ ನಾನು ನನ್ನ ದಾಖಲೆ ಪುಸ್ತಕ ತೆಗೆದು ಎಣಿಸಿದ್ದೆ. ಎಣಿಕೆ ಸರಿಯಿತ್ತು. ಬಸ್ಸುಗಳು ಬೆಳಗಿನ ಸುತ್ತು ಮುಗಿಸಿ ಒಂಬತ್ತೂವರೆಗೆ ಗ್ಯಾರೇಜಿಗೆ ಮರಳಿದರೆ ಮತ್ತೆ ಹೊರಡುವುದು ಮಧ್ಯಾಹ್ನ ಒಂದೂವರೆಗೆ. ಆ ನಡುವೆ ತನಗೆ ಸಿಗುತ್ತಿದ್ದ ಒಂದು ಗಂಟೆ ಬಿಡುವಿನಲ್ಲಿ ಅವಳು ನಿಂತ ಬಸ್ಸಿನೊಳಗೆ ಕುಳಿತು ಓದುತ್ತಿದ್ದಳು. ಒಂದೊಂದು ವಿಷಯಕ್ಕೆ ಒಂದೊಂದು ಬಸ್ಸು. ಸಂಖ್ಯಾಶಾಸ್ತ್ರ ಒಂಬತ್ತನೇ ಬಸ್ಸಿನಲ್ಲಿ, ಯುರೋಪಿನ ಇತಿಹಾಸ ಮೂವತ್ತರಲ್ಲಿ, ಖಗೋಳಶಾಸ್ತ್ರ ಹನ್ನೆರಡರ ಕೊನೆಯ ಸೀಟಿನಲ್ಲಿ. ಏನಾದರೂ ಮರೆತರೆ ಆ ಬಸ್ಸಿನ ಆ ಸೀಟನ್ನು ಮನಸ್ಸಿಗೆ ತಂದುಕೊಂಡರೆ ಸಾಕಂತೆ, ಪುಟ ಕಣ್ಣಿಗೆ ಕಟ್ಟುತ್ತದಂತೆ.

"ಹೀಗಿರುವಾಗ ಇದರಲ್ಲಿ ಹೆಂಗೇ ಹೋಯ್ತು?" ಎಂದೆ. "ಪ್ರಶ್ನೆ ಹೇಳ್ಬೇಡ. ಹೊರಗೆ ಹೇಳಲ್ಲ ಅಂತ ನೀನೂ ಸಹಿ ಹಾಕಿದೀಯ, ನಾನೂ ಹಾಕಿದೀನಿ."

"ಪ್ರಶ್ನೆ ಯಾಕೆ ಹೇಳ್ಲಿ ಮಾರಾಯ್ತಿ, ನನ್ನ ಬುದ್ಧಿ ಹೇಳ್ತೀನಿ ಕೇಳು. ರೋಮಿನ ರಾಜರ ಬಗ್ಗೆ ನನಗೇನೂ ಅಭಿಪ್ರಾಯ ಇಲ್ಲ. ಪುಸ್ತಕ ಏನಂದ್ರೆ ಅದನ್ನೇ ಒತ್ತಿ ಎದ್ದು ಬಂದೆ. ಇಲ್ಲಿ ಮಾತ್ರ ಪ್ರತಿ ಪ್ರಶ್ನೆಗೂ ಜಗಳ ಆಡ್ಬೇಕು ಅನ್ಸೋದು. ಪುಸ್ತಕದೋನಿಗೆ ಯಾವ ಉತ್ತರ ಬೇಕು ಅಂತ ಗೊತ್ತಿತ್ತು ಕಣೇ. ಕೈ ಒಪ್ಪಲಿಲ್ಲ."

"ಎಷ್ಟು ಪ್ರಶ್ನೆಗೆ ಒಪ್ಪಲಿಲ್ಲ?"

"ಹನ್ನೊಂದೋ ಹನ್ನೆರಡೋ."

"ಎರಡು ಅಂಕಕ್ಕೆ ಹೋಯ್ತಲ್ಲೇ!"

"ಹೋಯ್ತು. ಬಾಯಿ ಮುಚ್ಕೊಂಡಿದ್ರೆ ಪಾಸಾಗ್ತಿದ್ದೆ. ನಮ್ಮಮ್ಮ ನಲವತ್ತು ವರ್ಷ ಅದನ್ನೇ ಹೇಳಿದ್ಳು."

ನಮ್ಮ ಕೊಠಡಿಗೆ ಇದು ಹೊಸದಲ್ಲ. ಪಾದ್ರಿಯೊಬ್ಬರು ಧರ್ಮಗಳ ಪರೀಕ್ಷೆಯಲ್ಲಿ, ಮೂವತ್ತು ವರ್ಷ ಸಾಮಾನು ಮಾರಿದವನೊಬ್ಬ ಮಾರಾಟಶಾಸ್ತ್ರದಲ್ಲಿ ಫೇಲಾದದ್ದನ್ನು ನಾನು ಕಂಡಿದ್ದೇನೆ. ಗೊತ್ತಿಲ್ಲದವರು ಪುಸ್ತಕವನ್ನು ನಂಬುತ್ತಾರೆ. ಗೊತ್ತಿದ್ದವರು ಅದರ ಜೊತೆ ವಾದಕ್ಕೆ ನಿಲ್ಲುತ್ತಾರೆ. ಪರದೆಗೆ ವಾದ ಕೇಳಿಸುವುದಿಲ್ಲ.

ಫೇಲಾದ ಪರೀಕ್ಷೆಯನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕು. ಮೇ 6ಕ್ಕೆ ಮೂರು ತಿಂಗಳು ಎಂದರೆ ಆಗಸ್ಟ್ 6. ಅರ್ಜಿಯ ಕೊನೆಯ ದಿನ ದಾಟಿ ಐದು ದಿನ. ಆದರೂ ಅವಳ ಹೆಸರನ್ನು ಆಗಸ್ಟ್ 6ರ ಬೆಳಿಗ್ಗೆ ಒಂಬತ್ತಕ್ಕೆ ಬರೆದುಕೊಂಡೆ.

"ನಿನ್ನ ಕ್ಯಾಲೆಂಡರಲ್ಲಿ ಐದು ಹಾಳೆ ಹರಿದ್ಬಿಡು," ಎಂದಳು.

"ಹರಿದ್ರೆ ನನ್ನ ಕೆಲಸಾನೂ ಹರಿಯುತ್ತೆ."

"ಗೊತ್ತು. ಸುಮ್ಮನೆ ಕೇಳ್ದೆ."

ಹುದ್ದೆ ಹೋದರೆ ಹೋಗಲಿ ಎನ್ನುವ ಹಾಗಿರಲಿಲ್ಲ. ಅವಳ ಮೇಲಧಿಕಾರಿ ಲೈಲ್ ಹ್ಯಾನಿಂಗ್ ಆಗಲೇ ಮಾತು ಬಿಚ್ಚಿ ಹೇಳಿದ್ದ: ಹೊರಗಿನಿಂದ ಬರುವ ಯಾರೇ ಆದರೂ ಸಿದ್ಧ ತಂತ್ರಾಂಶ ಕೊಂಡು ತರುತ್ತಾರೆ, ಟ್ವೈಲಾಳ ವ್ಯವಸ್ಥೆಯನ್ನು ತೆಗೆದುಹಾಕುತ್ತಾರೆ. ಆ ತಂತ್ರಾಂಶದ ಮಾದರಿಯನ್ನು ಅವಳು ನೋಡಿದ್ದಳು. ಅದು ಒಂದೇ ಲೆಕ್ಕ ಹಾಕುತ್ತದೆ: ಅತಿ ಕಡಿಮೆ ದೂರ.

ಪದವಿ ಕೊಡುವ ಕಾಲೇಜಿಗೆ ಫೋನು ಮಾಡಿ ಕೇಳಿದಳು. ಈ ವಿಷಯ ಪದವಿಗೆ ಕಡ್ಡಾಯ; ಬೇರೆ ವಿಷಯದ ಪರೀಕ್ಷೆ ನಡೆಯದು. ಇದಕ್ಕೆ ಬದಲಿಯಾಗಿದ್ದ ಇಂಟರ್ನೆಟ್ ಪಾಠಕ್ಕೆ ಜನವರಿಯಿಂದ ಮಾನ್ಯತೆ ಹೋಗಿತ್ತು. ಉಳಿದದ್ದು ಒಂದೇ ದಾರಿ. ಕೆಲಸದಲ್ಲಿ ಕಲಿತದ್ದನ್ನು ಬರಹದಲ್ಲಿಟ್ಟು, ಪ್ರತಿ ಮಾತಿಗೂ ಸಾಕ್ಷ್ಯ ಜೋಡಿಸಿ, ಕಡತ ಮಾಡಿ ಕಳಿಸಬೇಕು. ಪ್ರಾಧ್ಯಾಪಕರೊಬ್ಬರು ಓದಿ ತೀರ್ಮಾನಿಸುತ್ತಾರೆ. ಮೂರು ಕ್ರೆಡಿಟ್ಟೂ ಕೊಡುತ್ತಾರೆ ಅಥವಾ ಒಂದನ್ನೂ ಕೊಡುವುದಿಲ್ಲ. ಎಂಟು ವಾರ ಹಿಡಿಯುತ್ತದೆ. ಜೂನ್ 3ಕ್ಕೆ ಕಳಿಸಿದರೆ ಜುಲೈ ಕೊನೆಗೆ ಉತ್ತರ.

ಆ ವಾರದ ಶುಕ್ರವಾರ ಅವಳು ಹನ್ನೆರಡು ಪುಟ ತಂದು ನನ್ನ ಮೇಜಿನ ಮೇಲಿಟ್ಟಳು. "ಓದಿ ತಿದ್ದು. ಕಾಗುಣಿತ ಅಲ್ಲ. ಸುಳ್ಳು ಅನ್ಸೋದನ್ನ ತಿದ್ದು."

ಸುದ್ದಿ ತಿದ್ದುವವರ ರೋಗ ಬಿಡುವುದಿಲ್ಲ. ನಾಲ್ಕನೆಯ ಪುಟದಲ್ಲಿ ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದೆ. ‘ನಮ್ಮ ಕೌಂಟಿಯಲ್ಲಿ ಯಾವ ಮಗುವೂ ಬಸ್ಸು ಹತ್ತಲು ರಸ್ತೆ ದಾಟುವುದಿಲ್ಲ.’

"‘ಯಾವ ಮಗುವೂ’ ಅಂದ್ರೆ?"

"ಯಾವ ಮಗುವೂ ಅಂದ್ರೆ ಯಾವ ಮಗುವೂ."

"2,640ರಲ್ಲಿ ಒಂದೂ ಇಲ್ವಾ?"

"ಇಲ್ಲ."

"ಇದಕ್ಕೆ ಸಾಕ್ಷಿ?"

"ಮಂಗಳವಾರ ಬೆಳಿಗ್ಗೆ ಐದೂವರೆಗೆ ಗ್ಯಾರೇಜಿಗೆ ಬಾ. ಗಡಿಯಾರ ಕಟ್ಕೊಂಡು ಬಾ. ನಮ್ಮಲ್ಲಿ ಅದನ್ನ ತೆಗೆಸಲ್ಲ."

ಮೇ 14. ಗ್ಯಾರೇಜಿನ ಅಂಗಳದಲ್ಲಿ ಮೂವತ್ತೆಂಟು ಎಂಜಿನ್ ಒಟ್ಟಿಗೆ ಗುರುಗುಡುತ್ತಿದ್ದವು. ಬೆಟ್ಟದ ಹಿಂದೆ ಆಕಾಶ ಆಗಷ್ಟೇ ಬಿಳಿಚಿತ್ತು. ಮೊದಲ ಬಸ್ಸು 5:48ಕ್ಕೆ ಗೇಟು ದಾಟಿತು, ಕೊನೆಯದು 6:06ಕ್ಕೆ. ನಾವು ಹತ್ತಿದ್ದು ಹದಿನೇಳನೇ ಬಸ್ಸು. ಚಾಲಕ ಬರ್ಲ್ ಕ್ಯಾಸ್ಟೊ ಇಪ್ಪತ್ತಾರು ವರ್ಷದಿಂದ ಅದೇ ದಾರಿಯಲ್ಲಿ ಓಡಿಸುತ್ತಿದ್ದವನು, ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಒಂದು ಡೋನಟ್ ಇಟ್ಟುಕೊಂಡಿದ್ದ.

"ಇವ್ರೇನಾ ಪತ್ರಿಕೆಯಮ್ಮ?" ಎಂದು ಟ್ವೈಲಾಳನ್ನು ಕೇಳಿದ. "ನನ್ನ ಮದುವೆ ಸುದ್ದೀಲಿ ಹೆಂಡ್ತಿ ಹೆಸರು ತಪ್ಪು ಹಾಕಿದ್ದು ಇವ್ರೇನಾ?"

"ಯಾವ ವರ್ಷ?" ಎಂದೆ.

"ತೊಂಬತ್ತೊಂದು."

"ನಾನು ಸೇರಿದ್ದು ತೊಂಬತ್ತೈದರಲ್ಲಿ."

"ಹಂಗಾದ್ರೆ ಕೂತ್ಕೊಳಿ."

ನನ್ನ ಕೈಯಲ್ಲಿ ಟ್ವೈಲಾ ಮುದ್ರಿಸಿ ಕೊಟ್ಟ ಹಾಳೆ ಇತ್ತು. ಪಿಜನ್ ಫೋರ್ಕ್ ರಸ್ತೆ, ಹದಿನಾಲ್ಕು ನಿಲುಗಡೆ, ಒಂದೊಂದರ ಮುಂದೆ ಗಂಟೆ ಮತ್ತು ನಿಮಿಷ. ಆ ರಸ್ತೆ ಹಳ್ಳದ ಪಕ್ಕದಲ್ಲೇ ಏಳು ಮೈಲಿ ಹಾವಿನಂತೆ ಹೋಗುತ್ತದೆ. ಶಾಲಾ ಬಸ್ಸು ಕೆಂಪು ದೀಪ ಮಿನುಗಿಸಿ ನಿಂತರೆ ಎರಡೂ ಕಡೆಯ ವಾಹನ ನಿಲ್ಲಬೇಕು ಎಂಬುದು ಕಾನೂನು. ಆದರೆ ಅಂಥ ರಸ್ತೆಯಲ್ಲಿ ಕಾನೂನು ತಿರುವಿನ ಆಚೆಗೆ ಕಾಣುವುದಿಲ್ಲ.

ಮೊದಲ ನಿಲುಗಡೆ 6:19. ಗಡಿಯಾರ ನೋಡಿದೆ, 6:19. ಎರಡನೆಯದು 6:22, ಸರಿ. ಮೂರನೆಯದಕ್ಕೆ ಹೋಗುವಾಗ ಎಡಗಡೆ, ಹಳ್ಳದ ಬದಿಯ ಮನೆಯ ಮುಂದೆ ಮೂರು ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದರು. ಬಸ್ಸು ನಿಲ್ಲಲಿಲ್ಲ. ವೇಗವನ್ನೂ ಇಳಿಸಲಿಲ್ಲ.

ನಾನು ಸೀಟಿನಿಂದ ಎದ್ದೇಬಿಟ್ಟೆ. "ಮಕ್ಕಳನ್ನ ಬಿಟ್ಟು ಹೋಗ್ತಿದೀರಲ್ರೀ!"

"ಪತ್ರಿಕೆಯಮ್ಮ, ಬಸ್ಸಿನ ನೆಲದ ಮೇಲಿನ ಬಿಳಿ ಗೆರೆ ದಾಟ್ಬೇಡಿ, ಕೂತ್ಕೊಳಿ," ಎಂದ ಬರ್ಲ್.

"ಅವ್ರು ನಿಂತಿದ್ರು!"

"ನಿಂತಿರ್ಲಿ. ಅವರ ಸರದಿ ಬಂದಿಲ್ಲ."

ಮಕ್ಕಳಲ್ಲಿ ಒಬ್ಬ ಕೈ ಬೀಸಿದ. ಬರ್ಲ್ ಹಾರ್ನ್ ಒಂದು ಸಲ ಮೆಲ್ಲಗೆ ಒತ್ತಿದ. ಟ್ವೈಲಾ ಕಿಟಕಿಯ ಹೊರಗೆ ನೋಡುತ್ತ ಕಾಫಿ ಕುಡಿಯುತ್ತಿದ್ದಳು. ಮುಂದೆ ಇನ್ನೂ ನಾಲ್ಕು ಕಡೆ ಎಡಗಡೆಯ ಮಕ್ಕಳನ್ನು ಬಿಟ್ಟು, ಬಲಗಡೆಯ ಮಕ್ಕಳನ್ನು ಮಾತ್ರ ಹತ್ತಿಸಿಕೊಂಡು ಬಸ್ಸು ಏಳನೇ ಮೈಲಿಯ ಚರ್ಚಿನ ಅಂಗಳ ಸೇರಿತು. 6:46. ಅಲ್ಲಿ ಒಂದು ದೊಡ್ಡ ಸುತ್ತು ಹಾಕಿ ಬಂದ ದಾರಿಗೇ ತಿರುಗಿತು.

ಹೋಗುವಾಗ ಎಡಗಡೆ ಇದ್ದದ್ದೆಲ್ಲ ಈಗ ಬಲಗಡೆ. ಇಲ್ಲಿ ವಾಹನ ಓಡುವುದು ರಸ್ತೆಯ ಬಲಗಡೆ, ಬಸ್ಸಿನ ಬಾಗಿಲೂ ಬಲಗಡೆ. ಅದು ಅವರ ಅಂಗಳದ ಅಂಚಿಗೇ ಬಂದು ತೆರೆಯಿತು, ಮಕ್ಕಳು ಹತ್ತಿದರು. ಯಾರೂ ಟಾರು ಮೆಟ್ಟಲಿಲ್ಲ.

ಇದು ಇಷ್ಟು ಸುಲಭವಾಗಿತ್ತು. ಆದರೆ ಸುಲಭ ಮಾಡಲು ಮೂವತ್ತೆಂಟು ಬಸ್ಸುಗಳೂ ಹೋಗಿ ತಿರುಗಿ ಬರುವಂತೆ ಕಟ್ಟಬೇಕು, ಪ್ರತಿಯೊಂದಕ್ಕೂ ತಿರುಗಲು ಒಂದು ಅಂಗಳ ಹುಡುಕಬೇಕು, ಆಮೇಲೂ ಎಲ್ಲವೂ 7:35ರೊಳಗೆ ಶಾಲೆ ಸೇರಬೇಕು. ಆ ಹೊತ್ತಿನಲ್ಲಿ ಬೆಟ್ಟಗಳ ಆಚೆ ಇನ್ನೂ ಮೂವತ್ತೇಳು ಬಸ್ಸುಗಳು ಹೀಗೇ ಎಲ್ಲೋ ತಿರುಗುತ್ತಿದ್ದವು.

ಹನ್ನೆರಡನೇ ನಿಲುಗಡೆಯಲ್ಲಿ ಯಾರೂ ಇರಲಿಲ್ಲ. ಹಾಳೆಯಲ್ಲಿ 6:55 ಎಂದಿತ್ತು. ನನ್ನ ಗಡಿಯಾರದಲ್ಲೂ 6:55.

"ಇಲ್ಲಿ ತಪ್ಪಿತು," ಎಂದೆ, ಸ್ವಲ್ಪ ಸಮಾಧಾನದಿಂದಲೇ.

"ಬಾಗಿಲು ನೋಡು," ಎಂದಳು ಟ್ವೈಲಾ.

ಮನೆಯ ಬಾಗಿಲು ತೆರೆಯಿತು. ನೀಲಿ ಸಮವಸ್ತ್ರದಲ್ಲಿದ್ದ ಮುದುಕಿಯೊಬ್ಬಳು ಪುಟ್ಟ ಹುಡುಗಿಯ ಕೈ ಹಿಡಿದು ಮೆಟ್ಟಿಲಿಳಿದು ಬಂದಳು. ಅಂಗಳದಲ್ಲಿ ನಿಂತ ಕಾರಿನ ಬಾನೆಟ್ಟಿನ ಮೇಲೆ ಇಬ್ಬನಿ ಇರಲಿಲ್ಲ. ಅದು ಈಗಷ್ಟೇ ಬಂದು ನಿಂತದ್ದು.

"ಆಸ್ಪತ್ರೇಲಿ ರಾತ್ರಿ ಪಾಳಿ," ಎಂದಳು ಟ್ವೈಲಾ. "ಆರು ಐವತ್ತಕ್ಕೆ ಮನೆ ಮುಟ್ತಾರೆ. ಮೊದಲು ಇಲ್ಲಿಗೆ ಆರು ಮೂವತ್ತೊಂದಕ್ಕೆ ಬರ್ತಿದ್ವಿ. ಮಗು ಕತ್ತಲಲ್ಲಿ ಒಂದೇ ನಿಂತಿರೋದು."

ಅವಳ ವ್ಯವಸ್ಥೆಯಲ್ಲಿ ಪ್ರತಿ ನಿಲುಗಡೆಯ ಕೊನೆಗೆ ಒಂದು ಅಂಕಣ ಇದೆ. ಅದರ ತಲೆಬರಹ ‘ಯಾಕೆ’. ಗ್ಯಾರೇಜಿಗೆ ಮರಳಿದ ಮೇಲೆ ಅದನ್ನು ತೆರೆದು ತೋರಿಸಿದಳು. ‘ಅಜ್ಜಿ 6:50ಕ್ಕೆ ಬರುತ್ತಾರೆ.’ ‘ಈ ಮನೆಯ ನಾಯಿಗೆ ಹಳದಿ ಬಣ್ಣ ಆಗದು.’ ‘ಹುಡುಗನಿಗೆ ಬಲಗಿವಿ ಕೇಳಿಸದು, ದೀಪ ಎರಡು ಸಲ ಮಿನುಗಿಸಿ.’ ‘ಈ ಎರಡು ಮನೆಯವರು ಮಾತಾಡುವುದಿಲ್ಲ, ನಿಲುಗಡೆ ಒಂದೇ ಮಾಡಬೇಡಿ.’ ನಾನು ಕೆಳಗೆ ಕೆಳಗೆ ಸರಿಸುತ್ತ ಹೋದೆ. ಖಾಲಿ ಜಾಗ ಒಂದೂ ಇರಲಿಲ್ಲ. ನಾನು ಹುಟ್ಟಿ ಬೆಳೆದ ಕೌಂಟಿ ಅದು. ಇಪ್ಪತ್ತೊಂದು ವರ್ಷ ಅದರ ಸುದ್ದಿ ತಿದ್ದಿದವಳು ನಾನು. ಆ ಅಂಕಣದಲ್ಲಿದ್ದದ್ದು ನನಗೆ ನೂರರಲ್ಲಿ ಒಂದೂ ಗೊತ್ತಿರಲಿಲ್ಲ.

"ಪುಸ್ತಕದ ಪ್ರಕಾರ ಈ ಅಂಕಣ ಕಸ," ಎಂದಳು. "ಲೆಕ್ಕಕ್ಕೆ ಸಿಗದ ಮಾಹಿತಿ ಇಟ್ಕೋಬಾರ್ದಂತೆ. ಅದಕ್ಕೇ ನೋಡು, ಕೈ ಒಪ್ಪಲಿಲ್ಲ ಅಂದಿದ್ದು."

ಇನ್ನೊಂದು ವಾಕ್ಯ ಉಳಿದಿತ್ತು. ಒಂಬತ್ತನೇ ಪುಟ: ‘ಈ ವ್ಯವಸ್ಥೆ ಶುರುವಾದ 1998ರ ಸೆಪ್ಟೆಂಬರಿನಿಂದ ಈವರೆಗೆ, ಬಸ್ಸು ಹತ್ತಲು ಅಥವಾ ಇಳಿದು ರಸ್ತೆ ದಾಟುವಾಗ ಯಾವ ಮಗುವಿಗೂ ವಾಹನ ಬಡಿದಿಲ್ಲ.’ ಗ್ಯಾರೇಜಿನ ದಾಖಲೆಯನ್ನೇ ಗ್ಯಾರೇಜಿನ ಮಾತಿಗೆ ಸಾಕ್ಷಿಯಾಗಿ ಕೊಡಲಾಗದು. ಹೊರಗಿನ ಸಾಕ್ಷಿ ಬೇಕು. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು.

ಪತ್ರಿಕೆ ಮುಚ್ಚಿದಾಗ ಅದರ ಹಳೆಯ ಸಂಪುಟಗಳೂ ಕಾರ್ಡುಗಳ ಪೆಟ್ಟಿಗೆಗಳೂ ಗ್ರಂಥಾಲಯದ ನೆಲಮಾಳಿಗೆ ಸೇರಿದ್ದವು. ಊರಿನ ಪ್ರತಿ ಸುದ್ದಿಗೆ ಒಂದು ಕಾರ್ಡು, ವಿಷಯವಾರು. ‘ಅಪಘಾತ: ಶಾಲಾ ಬಸ್ಸು’ ಎಂಬ ವಿಭಾಗ ತೆರೆದೆ. 1987, 1989, 1992, 1994, 1997. ಹನ್ನೊಂದು ವರ್ಷದಲ್ಲಿ ಐದು ಕಾರ್ಡು. ಐದನೆಯದು ನಾನೇ ಟೈಪು ಮಾಡಿದ್ದು: ಅಕ್ಟೋಬರ್ 9, ಗುರುವಾರ. ಏಳು ವರ್ಷದ ಹುಡುಗಿ. ಬಸ್ಸಿನ ದೀಪ ಉರಿಯುತ್ತಿತ್ತು, ಲಾರಿ ತಿರುವಿನಿಂದ ಬಂತು. ಆ ದಿನದ ತಲೆಬರಹದಲ್ಲಿ ‘ಬಸ್ ಚಾಲಕನ ತಪ್ಪಿಲ್ಲ’ ಎಂದು ಹಾಕಿದ್ದೆ. ಅದು ನಿಜವಾಗಿತ್ತು.

ಐದನೆಯದರ ಹಿಂದೆ ಮುಂದಿನ ವಿಭಾಗದ ತಲೆಚೀಟಿ ಇತ್ತು.

1997ರ ಆಮೇಲಿನ ಕಾರ್ಡು ಕಳೆದಿರಬಹುದು ಎಂದು ಶಂಕಿಸಿದೆ. ಎರಡು ಶನಿವಾರ ಕುಳಿತು, ಮಾದರಿಗೆಂದು, 2003ರ ಮತ್ತು 2011ರ ಸಂಪುಟಗಳನ್ನು ಪುಟಪುಟವಾಗಿ ತಿರುವಿದೆ. ರಾಜ್ಯದ ಹೆದ್ದಾರಿ ಪೊಲೀಸರಿಗೆ ಬರೆದೆ. ಒಂಬತ್ತು ದಿನದಲ್ಲಿ ಉತ್ತರ ಬಂತು. ಕೇಳಿದ ಅವಧಿಗೆ, ಕೇಳಿದ ರೀತಿಯ ಪ್ರಕರಣಗಳು: ಸೊನ್ನೆ.

ನೆಲಮಾಳಿಗೆಯಲ್ಲಿ ಆ ಪೆಟ್ಟಿಗೆಯ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ ತಿಳಿಯದು. ಪತ್ರಿಕೆಗೆ ನಡೆದದ್ದು ಮಾತ್ರ ತಿಳಿಯುತ್ತದೆ. ನಡೆದದ್ದೆಲ್ಲ ನನ್ನ ಮೇಜಿನ ಮೇಲೆ ಹಾದುಹೋಗಿತ್ತು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ ಒಂದು ಸುದ್ದಿ ಬರುವುದು ನಿಂತಿತ್ತು. ಅದನ್ನು ನಿಲ್ಲಿಸಿದವಳು ನನ್ನ ಮೇಜಿನಿಂದ ಎರಡು ಮೈಲಿ ದೂರದ ಗ್ಯಾರೇಜಿನಲ್ಲಿ ಕುಳಿತಿದ್ದಳು. ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಯಾರಿಗೂ ಗೊತ್ತಾಗಿರಲಿಲ್ಲ. ಎಲ್ಲೋ, ಹಾಗೆ ಸುದ್ದಿಯಾಗದೆ ಉಳಿದ ಇಪ್ಪತ್ತು ವರ್ಷದ ಹುಡುಗನೊಬ್ಬ, ಹುಡುಗಿಯೊಬ್ಬಳು ಓಡಾಡಿಕೊಂಡಿರಬೇಕು. ಅವರು ಯಾರೆಂದು ಅವರಿಗೂ ತಿಳಿಯದು.

ಪೊಲೀಸರ ಪತ್ರವನ್ನೂ ಕಾರ್ಡುಗಳ ಪ್ರತಿಯನ್ನೂ ಟ್ವೈಲಾಳಿಗೆ ಕೊಟ್ಟೆ. ಅವಳು ಐದನೆಯ ಕಾರ್ಡನ್ನು ಮಗುಚಿಟ್ಟಳು.

"ಆ ಬೆಳಿಗ್ಗೆ ಗ್ಯಾರೇಜಲ್ಲಿ, ಬಸ್ಸುಗಳ ಜೊತೆ ಮಾತಾಡೋ ರೇಡಿಯೊ ಮುಂದೆ ನಾನೇ ಕೂತಿದ್ದೆ," ಎಂದಳು.

"ಕಡತದಲ್ಲಿ ಅದನ್ನ ಬರೆದೇ ಇಲ್ವಲ್ಲೇ."

"ಅವ್ರು ಏನು ಕಲಿತೆ ಅಂತ ಕೇಳಿದಾರೆ. ಅದು ಕಲಿತದ್ದಲ್ಲ ಕಣೇ. ಆಗಿದ್ದು."

"ಅದಿಲ್ದೆ ‘ಯಾಕೆ’ ಅಂಕಣ ಅವ್ರಿಗೆ ಅರ್ಥ ಆಗಲ್ಲ."

ಅವಳು ಪೆನ್ನು ಕೇಳಿದಳು. ನಾಲ್ಕನೇ ಪುಟದ ಅಂಚಿನಲ್ಲಿ ಒಂದೇ ಸಾಲು ಬರೆದಳು, ತಾರೀಖಿನೊಂದಿಗೆ. ನಾನು ತಿದ್ದಲಿಲ್ಲ.

ಜೂನ್ 3ರಂದು ಕಡತ ಹೋಯಿತು. ಜೂನ್ ಕೊನೆಗೆ ಅವಳ ಯೋಜನಾ ವರದಿ ಮುಗಿದು ನೂರ ಹದಿನೇಳು ಗಟ್ಟಿಯಾಯಿತು. ಆಮೇಲೆ ಮೌನ. ಜುಲೈ 24ರಂದು ಮೌಲ್ಯಮಾಪಕರು ಫೋನಿನಲ್ಲಿ ಮಾತಾಡಬೇಕು ಎಂದರು. ಗ್ಯಾರೇಜಿನ ಗದ್ದಲ ಬೇಡವೆಂದು ಟ್ವೈಲಾ ನನ್ನ ಕಚೇರಿಗೆ ಬಂದು ಬಾಗಿಲು ಹಾಕಿಕೊಂಡಳು. ನನ್ನನ್ನೂ ಕೂರಿಸಿಕೊಂಡಳು.

ಡಾ. ಬ್ರಾಂಡೆಲ್ ಎಂಬುವರ ಧ್ವನಿ ಒಣಗಿದ ಹಾಳೆಯಂತಿತ್ತು. "ಮಿಸೆಸ್ ರಾರ್ಡಿನ್, ಒಂದು ವಿಷಯ ಕೇಳ್ತೀನಿ. ದೂರ ಕಡಿಮೆ ಮಾಡೋದು ಇಂಥ ವ್ಯವಸ್ಥೆಯ ಮೊದಲ ಪಾಠ. ನಿಮ್ಮ ಬಸ್ಸುಗಳು ದಿನಾ ಬೆಳಿಗ್ಗೆ ಇನ್ನೂರ ಹನ್ನೆರಡು ಮೈಲಿ ಹೆಚ್ಚು ಓಡ್ತವೆ. ನೀವೇ ಬರೆದಿದೀರಿ."

"ಹೌದು ಸರ್."

"ಪುಸ್ತಕದ ಉತ್ತರ ಏನು ಅಂತ ನಿಮಗೆ ಗೊತ್ತಾ?"

"ಗೊತ್ತು ಸರ್. ಮೇ ಆರನೇ ತಾರೀಕೂ ಗೊತ್ತಿತ್ತು." ನಾನು ಮೇಜಿನ ಕೆಳಗೆ ಅವಳ ಕಾಲು ಒದ್ದೆ. ಅವಳು ಉಸಿರು ತೆಗೆದುಕೊಂಡು ಪುಸ್ತಕದ ಉತ್ತರವನ್ನು ಪೂರ್ತಿ, ಪುಸ್ತಕದ್ದೇ ಪದಗಳಲ್ಲಿ, ಎರಡು ನಿಮಿಷ ಹೇಳಿದಳು. ಆಮೇಲೆ ಹೇಳಿದಳು: "ಏನನ್ನ ಕಡಿಮೆ ಮಾಡ್ಬೇಕು ಅನ್ನೋದನ್ನ ಪುಸ್ತಕ ನಮಗೇ ಬಿಡುತ್ತೆ ಸರ್. ಮೈಲಿ ಬಸ್ಸಿಂದು. ದಾಟೋದು ಮಗುವಿಂದು. ನಾನು ದಾಟೋದನ್ನ ಕಡಿಮೆ ಮಾಡ್ದೆ. ಅದು ಸೊನ್ನೆಗೆ ಬಂದ್ಮೇಲೆ ಮೈಲಿ ಕಡಿಮೆ ಮಾಡೋಕೆ ಶುರು ಮಾಡ್ದೆ. ಮೊದಲ ವರ್ಷ ನಾನೂರ ಎಂಬತ್ತು ಹೆಚ್ಚಿತ್ತು."

ಆ ಕಡೆ ಕಾಗದ ಮಗುಚುವ ಸದ್ದು.

"ನಾಳೆ ನೀವಿಲ್ಲ ಅಂದ್ಕೊಳ್ಳಿ. ಇದೆಲ್ಲ ಯಾರಿಗೆ ಗೊತ್ತಾಗುತ್ತೆ?"

"ಅದಕ್ಕೇ ಸರ್ ‘ಯಾಕೆ’ ಅಂಕಣ ಇರೋದು."

ಡಾ. ಬ್ರಾಂಡೆಲ್ ಧನ್ಯವಾದ ಹೇಳಿ ಫೋನು ಇಟ್ಟರು. ಒಳ್ಳೆಯದೋ ಕೆಟ್ಟದ್ದೋ ಆ ಧ್ವನಿಯಿಂದ ತಿಳಿಯಲಿಲ್ಲ.

ಜುಲೈ 30, ಮಂಗಳವಾರ, ಹನ್ನೊಂದು ಗಂಟೆಗೆ ಟ್ವೈಲಾ ನನ್ನ ಕೋಣೆಯ ಪಡಸಾಲೆ ಕಡೆಯ ಗಾಜಿನ ಮುಂದೆ ಬಂದು ಫೋನಿನ ಪರದೆಯನ್ನು ಅದಕ್ಕೆ ಒತ್ತಿ ಹಿಡಿದಳು. ಒಳಗೆ ನಾಲ್ವರು ಪರೀಕ್ಷೆ ಬರೆಯುತ್ತಿದ್ದರು. ನಾನು ಎದ್ದು ಹೋಗುವಂತಿರಲಿಲ್ಲ. ಗಾಜಿನ ಮೂಲಕವೇ ಓದಿದೆ. ‘ಅಭ್ಯರ್ಥಿಯ ಜ್ಞಾನ ಪದವಿ ಮಟ್ಟಕ್ಕೆ ಸಮ. ನಾಲ್ಕನೇ ಪುಟದ ನಿಲುವು ಪಠ್ಯಪುಸ್ತಕಕ್ಕಿಂತ ಭಿನ್ನ, ತಪ್ಪಲ್ಲ. ಮೂರು ಕ್ರೆಡಿಟ್.’

"‘ತಪ್ಪಲ್ಲ’ ಅಂತೆ ನೋಡೇ," ಎಂದಳು, ಗಾಜಿನ ಆಚೆಯಿಂದ, ತುಟಿ ಮಾತ್ರ ಆಡಿಸಿ. "ಸರಿ ಅನ್ನೋಕೆ ಬಾಯಿ ಬಂದಿಲ್ಲ." ಆಮೇಲೆ ಹಣೆಯನ್ನು ಗಾಜಿಗೆ ಆನಿಸಿ ಹಾಗೇ ನಿಂತಳು. ಅವಳ ಉಸಿರು ಗಾಜಿನ ಮೇಲೆ ಮಂಜಾಯಿತು. ನೂರ ಇಪ್ಪತ್ತು.

ಎಲ್ಲ ಅಗತ್ಯಗಳೂ ಪೂರ್ಣ ಎಂಬ ಕಾಲೇಜಿನ ಪತ್ರ ಮರುದಿನ ಬಂತು. ಅರ್ಜಿ ಆಗಸ್ಟ್ 1ರ ಬೆಳಿಗ್ಗೆ 10:20ಕ್ಕೆ ಸಲ್ಲಿಕೆಯಾಯಿತು. ಅರ್ಜಿ ಹಾಕಿದವರು ಒಟ್ಟು ನಾಲ್ವರು. ಆಗಸ್ಟ್ 12ರ ಸಭೆಯಲ್ಲಿ ಮಂಡಳಿಯ ಐವರೂ ಟ್ವೈಲಾಳಿಗೆ ಕೈ ಎತ್ತಿದರು. ಲೈಲ್ ಹ್ಯಾನಿಂಗ್ ಎರಡೂ ಕೈ ಎತ್ತಿದನಂತೆ. ಅವನಿಗೆ ಮತ ಇರಲಿಲ್ಲ. ನಡುವೆ ಆಗಸ್ಟ್ 6ರ ಒಂಬತ್ತು ಗಂಟೆಯ ಹೆಸರನ್ನು ನನ್ನ ಪುಸ್ತಕದಲ್ಲಿ ಹೊಡೆದುಹಾಕಿದ್ದೆ. ಕಾರಣದ ಜಾಗದಲ್ಲಿ ‘ಅಗತ್ಯವಿಲ್ಲ’ ಎಂದು ಬರೆದೆ.

ಶಾಲೆ ಶುರುವಾದದ್ದು ಆಗಸ್ಟ್ 21, ಬುಧವಾರ. ನನಗೆ ಮಕ್ಕಳಿಲ್ಲ, ಆ ರಸ್ತೆಯಲ್ಲಿ ಮನೆಯೂ ಇಲ್ಲ. ಆದರೂ ಮುಂಜಾನೆ ಪಿಜನ್ ಫೋರ್ಕಿಗೆ ಕಾರು ಓಡಿಸಿಕೊಂಡು ಹೋಗಿ ಆರನೇ ಮೈಲಿಯ ಹತ್ತಿರ, ಹಳ್ಳದ ಬದಿಯಲ್ಲಿ ನಿಲ್ಲಿಸಿ ಕೆಳಗಿಳಿದೆ. ಹಾಳೆ ಕೈಯಲ್ಲಿತ್ತು. ಹಳ್ಳದಿಂದ ಮಂಜು ಏಳುತ್ತಿತ್ತು.

ತಿರುವಿನಿಂದ ಹದಿನೇಳನೇ ಬಸ್ಸು ಬಂತು. ಬರ್ಲ್ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ನಿಧಾನಿಸಿ ಕಿಟಕಿ ಸರಿಸಿದ.

"ಪತ್ರಿಕೆಯಮ್ಮ! ಇವತ್ತೂ ತಪ್ಪು ಹುಡುಕೋಕೆ ಬಂದ್ರಾ?"

"ಚರ್ಚಿನ ತನಕ ನಾನೂ ಬರ್ತೀನಿ," ಎಂದು ಕೂಗಿ ಟಾರಿನ ಮೇಲೆ ಒಂದು ಕಾಲಿಟ್ಟೆ.

ಅವನು ಅಂಗೈ ಎತ್ತಿ ತಡೆದ. ಕಿಟಕಿಗಳಲ್ಲಿದ್ದ ಮಕ್ಕಳೆಲ್ಲ ನನ್ನ ಕಾಲನ್ನೇ ನೋಡುತ್ತಿದ್ದರು.

"ದಾಟ್ಬೇಡಿ. ಅಲ್ಲೇ ಇರಿ. ತಿರುಗಿ ಬರ್ತೀನಿ."

ಕಾಲು ಹಿಂದೆ ತೆಗೆದುಕೊಂಡೆ. ಬಸ್ಸು ತಿರುವಿನಲ್ಲಿ ಮರೆಯಾಯಿತು; ಅದರ ಸದ್ದು ಸಣ್ಣದಾಗಿ ಇಲ್ಲವಾಯಿತು. ಹಾಳೆ ನೋಡಿದೆ. ಈ ಬದಿಗೆ 6:49. ಐದು ನಿಮಿಷ ಇತ್ತು. ಹುಲ್ಲಿನ ಮೇಲೆ, ನನ್ನ ಪಾಲಿನ ಬದಿಯಲ್ಲಿ, ಕಾಯುತ್ತ ನಿಂತೆ.